ಪಿಟೀಲಿಗೊದಗಿದ ಮರ

ನಮ್ಮ ಸಂಗೀತ ಕಚೇರಿಗಳಲ್ಲಿ ನುಡಿಯುವ ಪಿಟೀಲಿನ ಮೇಲುಹಲಗೆಯು ಸಾಮಾನ್ಯವಾಗಿ ಸ್ಪ್ರೂಸ್ ಎಂಬ ಶೀತದೇಶದ ವೃಕ್ಷದ್ದು. ಕಾಳಿದಾಸನ ದೇವದಾರುವಿಗೆ ಇದು ದಾಯಾದಿಯೇ ಹೊರತು ಅದೇ ಮರವಲ್ಲ. ಈ ನಿತ್ಯಹರಿದ್ವರ್ಣ ವೃಕ್ಷದ ಎಲೆಗಳು ಸೂಜಿಯಂತಿವೆ. ಕಾಯಿಗಳು ಕೆಳಮುಖವಾಗಿ ತೂಗುವುವು. ಇಳಿಬಿದ್ದ ಕೊಂಬೆಗಳಿಂದ ಹಿಮವು ತಾನೇ ಜಾರುವುದು. ತೊಲೆಗೂ ಕಾಗದಕ್ಕೂ ಇದು ಒದಗುವುದಾದರೂ ನಾವು ಮೆಚ್ಚುವುದು ಇದರ ನಾದಗುಣವನ್ನು. ಆಲ್ಪ್ಸ್ ಪರ್ವತದ ಚಳಿಯಲ್ಲಿ ಮೆಲ್ಲಮೆಲ್ಲನೆ ಬೆಳೆದ ಮರದ ವಾರ್ಷಿಕ ವಲಯಗಳು ಒತ್ತಾಗಿಯೂ ಸಮವಾಗಿಯೂ ಇರುವುವು; ಹಲಗೆ ಹಗುರ, ಆದರೂ ಬಿಗಿ; ಆದುದರಿಂದ ತಂತಿಯ ಕಂಪನವು ಅದರಲ್ಲಿ ಶೀಘ್ರವಾಗಿ ಹರಡುವುದು. ಇಂಥ ಮರಕ್ಕೆ ಇಟಲಿಯ ಫಿಯೆಮ್ಮೆ ಕಣಿವೆ ಪ್ರಸಿದ್ಧ. 2018ರ ಅಕ್ಟೋಬರಿನ ಬಿರುಗಾಳಿಗೆ ಆ ಪ್ರಾಂತದಲ್ಲಿ ಲಕ್ಷಾಂತರ ಮರಗಳುರುಳಿದುವು. ತರುವಾಯ ತೊಗಟೆ ಕೊರೆಯುವ ಕೀಟವು ನಿಂತವುಗಳಲ್ಲಿಯೂ ಅನೇಕವನ್ನು ಕೊಂದಿತು. ಇಂದು ನೆಟ್ಟ ಸಸಿಯು ಪಿಟೀಲಿಗೆ ತಕ್ಕ ಗಾತ್ರಕ್ಕೆ ಬರಲು ಸುಮಾರು 150 ವರ್ಷ ಬೇಕು.