ಹಾರ್ಸ್‌ಪವರ್ ಏರಿಸುವ ಮುನ್ನ ಇಂಜೆಕ್ಟರ್ ಕೇಳಿ

ಶಿವಾಜಿನಗರದ ಸೆಕೆಂಡ್ ಹ್ಯಾಂಡ್ ಬಿಡಿಭಾಗಗಳ ಗಲ್ಲಿಗಳಲ್ಲಿ ಓಡಾಡಿದರೆ ಬೈಕ್ ಪ್ರಿಯ ಹುಡುಗರ ಮಾತು ಹೆಚ್ಚಾಗಿ ಮೂರು ವಸ್ತುಗಳ ಸುತ್ತ ತಿರುಗುತ್ತದೆ: ಎಕ್ಸಾಸ್ಟ್, ಏರ್ ಫಿಲ್ಟರ್ ಮತ್ತು ಇಸಿಯು ರೀಮ್ಯಾಪ್. ‘ಎಷ್ಟು ಎಚ್‌ಪಿ ಏರುತ್ತೆ ಗುರು?’ ಎಂದು ಎಲ್ಲರೂ ಕೇಳುತ್ತಾರೆ. ‘ಅಷ್ಟು ಪೆಟ್ರೋಲ್ ಕೊಡೋಕೆ ಇಂಜೆಕ್ಟರ್‌ಗೆ ಆಗುತ್ತಾ?’ ಎಂದು ಕೇಳುವವರು ಕಡಿಮೆ. ಪಿಸ್ಟನ್ ಉಳಿಯುವುದು ಈ ಎರಡನೇ ಪ್ರಶ್ನೆಯಿಂದ.

ಕಾರ್ಬ್ಯುರೇಟರ್ ಕಾಲದಲ್ಲಿ ಮೇನ್ ಜೆಟ್ ಬದಲಿಸಿದರೆ ಮುಗಿಯುತ್ತಿತ್ತು. 2006ರಲ್ಲಿ ಹೀರೊ ಹೋಂಡಾ ಗ್ಲಾಮರ್ ಎಫ್‌ಐ, 2007ರಲ್ಲಿ ಪಲ್ಸರ್ 220 ಬಂದವು. 2020ರ ಏಪ್ರಿಲ್ 1ರಿಂದ ಬಿಎಸ್-6 ಜಾರಿಯಾದ ಮೇಲೆ ಇಂಜೆಕ್ಟರ್ ಇಲ್ಲದ ಹೊಸ ಬೈಕ್ ಹುಡುಕುವುದೇ ಕಷ್ಟ.

ಇಂಜೆಕ್ಟರ್ ಎಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಪುಟ್ಟ ನಲ್ಲಿ. ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಇಸಿಯು ಹೇಳುತ್ತದೆ. ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಒಂದು ಸುತ್ತಿನ ಕೆಲಸಕ್ಕೆ ಕ್ರ್ಯಾಂಕ್ ಎರಡು ಬಾರಿ ತಿರುಗಬೇಕು. 12,000 ಆರ್‌ಪಿಎಂನಲ್ಲಿ ಅದಕ್ಕೆ ಸಿಗುವ ಸಮಯ ಬರೀ 10 ಮಿಲಿಸೆಕೆಂಡ್. ಅದರಲ್ಲಿ 8 ಮಿಲಿಸೆಕೆಂಡ್ ತೆರೆದಿದ್ದರೆ ‘ಡ್ಯೂಟಿ ಸೈಕಲ್’ ಶೇ 80. ತೆರೆದು ಮುಚ್ಚಲೂ ಸ್ವಲ್ಪ ಸಮಯ ಬೇಕಾದ್ದರಿಂದ ಶೇ 80-85 ದಾಟಬಾರದು ಎಂಬುದು ಟ್ಯೂನರ್‌ಗಳ ರೂಢಿ. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಅಂಕಿ ಏರಿಸಬಹುದು, ಪೆಟ್ರೋಲ್ ಏರುವುದಿಲ್ಲ.

ಲೆಕ್ಕ ಸುಲಭ. ಪೂರ್ತಿ ಥ್ರಾಟಲ್‌ನಲ್ಲಿ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 225 ಗ್ರಾಂ ಪೆಟ್ರೋಲ್ ಬೇಕು ಎಂದುಕೊಳ್ಳಿ. ಒಂದು ಸಿಲಿಂಡರ್‌ನಿಂದ 40 ಎಚ್‌ಪಿ ಬರಬೇಕಾದರೆ ಗಂಟೆಗೆ 9 ಕಿಲೊ, ಅಂದರೆ ನಿಮಿಷಕ್ಕೆ ಸುಮಾರು 200 ಸಿಸಿ. ಶೇ 80ರ ಮಿತಿ ಇಟ್ಟರೆ 250 ಸಿಸಿ ಇಂಜೆಕ್ಟರ್ ಸಾಕು. ಅದೇ ಎಂಜಿನ್‌ನಿಂದ 50 ಎಚ್‌ಪಿ ತೆಗೆಯಲು ಹೊರಟರೆ 250 ಸಿಸಿಯೂ ಬೇಕು. ಇಂಜೆಕ್ಟರ್ ಮುಚ್ಚುವುದೇ ಇಲ್ಲ! ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಮಿಶ್ರಣ ತೆಳುವಾಗಿ ಶಾಖ ಏರುತ್ತದೆ, ನಾಕಿಂಗ್ ಶುರುವಾಗುತ್ತದೆ, ಕೊನೆಗೆ ಪಿಸ್ಟನ್ ತೂತಾಗಬಹುದು. ಹಳೆ ಮದ್ರಾಸ್ ರಸ್ತೆಯಲ್ಲಿ ಹಲಸೂರಿನಿಂದ ಕೆ.ಆರ್.ಪುರದವರೆಗಿನ ಟ್ರಾಫಿಕ್‌ನಲ್ಲಿ ಇದು ಗೊತ್ತಾಗದು. ಪೂರ್ತಿ ಥ್ರಾಟಲ್ ಕೊಟ್ಟ ದಿನ ಗೊತ್ತಾಗುತ್ತದೆ.

ಇದರ ಮೇಲೆ ಎಥನಾಲ್ ಲೆಕ್ಕವೂ ಸೇರಿದೆ. ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲ್‌ಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ. ಒಂದು ಕಿಲೊ ಪೆಟ್ರೋಲ್ ಉರಿಯಲು 14.7 ಕಿಲೊ ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಹಾಗಾಗಿ ಅಷ್ಟೇ ಗಾಳಿಗೆ ಇ20 ಶೇ 7-8ರಷ್ಟು ಹೆಚ್ಚು ಬೇಕು. ಶೇ 80ರಲ್ಲಿದ್ದ ಡ್ಯೂಟಿ ಸೈಕಲ್ ಶೇ 86ಕ್ಕೆ ಏರುತ್ತದೆ.

ಪರಿಹಾರ? ಇಂಧನ ಒತ್ತಡವನ್ನು 3 ಬಾರ್‌ನಿಂದ 4ಕ್ಕೆ ಏರಿಸಿದರೆ ಹರಿವು ಶೇ 33 ಅಲ್ಲ, ಶೇ 15 ಮಾತ್ರ ಹೆಚ್ಚುತ್ತದೆ. ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಪಂಪ್‌ನ ಮೇಲಿನ ಹೊರೆಯೂ ಏರುತ್ತದೆ. ದೊಡ್ಡ ಇಂಜೆಕ್ಟರ್ ಹಾಕಬಹುದು. ಆದರೆ ಐಡ್ಲಿಂಗ್‌ನಲ್ಲಿ ತೀರಾ ಕಡಿಮೆ ಪೆಟ್ರೋಲ್ ಅಳೆದು ಕೊಡಲು ಅದು ತಡಬಡಾಯಿಸುತ್ತದೆ. ಹೊಸ ಇಂಜೆಕ್ಟರ್‌ನ ಅಳತೆಯನ್ನು ಇಸಿಯುಗೂ ತಿಳಿಸಬೇಕು. ವೈಡ್‌ಬ್ಯಾಂಡ್ ಆಮ್ಲಜನಕ ಸೆನ್ಸರ್ ಇಟ್ಟು ಡೈನೊ ಮೇಲೆ ಪರೀಕ್ಷಿಸದೆ ಇದನ್ನು ಮುಟ್ಟಬಾರದು.

ಕಾನೂನನ್ನೂ ಮರೆಯಬೇಡಿ. ತಯಾರಕರ ಮೂಲ ವಿವರಗಳನ್ನು ಬದಲಿಸುವ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆ ಒಡ್ಡುತ್ತದೆ. ಪ್ರಯೋಗದ ಹುಚ್ಚಿದ್ದರೆ ಅದಕ್ಕೆ ಸರಿಯಾದ ಜಾಗವೂ ಇದೆ. ಕೊಯಮತ್ತೂರಿನ ಕರಿ ಟ್ರ್ಯಾಕ್‌ನಲ್ಲಿ ನಡೆಯುವ ‘ಫಾರ್ಮುಲಾ ಭಾರತ್’ ಸ್ಪರ್ಧೆಗೆ ಕಾಲೇಜು ತಂಡಗಳು ಬೈಕ್ ಎಂಜಿನ್ ಬಳಸಿ ಕಾರು ಕಟ್ಟುತ್ತವೆ. ಅಲ್ಲಿ ಈ ಲೆಕ್ಕ ದಿನನಿತ್ಯದ ಕೆಲಸ.

ಆಡುಗೋಡಿಯ ಬಾಷ್‌ನಿಂದ ಹೊಸೂರಿನ ಟಿವಿಎಸ್‌ವರೆಗೆ ವಾಹನ ಕಂಪನಿಗಳು ನಮ್ಮ ಸುತ್ತಲೇ ಇವೆ. ಎಂಜಿನ್ ಕ್ಯಾಲಿಬ್ರೇಷನ್ ಕೆಲಸದ ಸಂದರ್ಶನಕ್ಕೆ ಹೋಗುವವರು ‘ರೀಮ್ಯಾಪ್ ಮಾಡಿಸಿದ್ದೇನೆ’ ಎಂದರೆ ಯಾರೂ ತಲೆದೂಗುವುದಿಲ್ಲ. ಡ್ಯೂಟಿ ಸೈಕಲ್ ಲೆಕ್ಕವನ್ನು ಹಾಳೆಯ ಮೇಲೆ ಬಿಡಿಸಿ ತೋರಿಸಿ, ಮಾತು ಮುಂದುವರಿಯುತ್ತದೆ.