ಓರೆ ಮಾಡಿದರೆ ಪುಟ ಮಗುಚುತ್ತಿತ್ತು!

ಮೊಬೈಲ್ ಅಡ್ಡ ಹಿಡಿದರೆ ಪರದೆಯೂ ಅಡ್ಡ ತಿರುಗುತ್ತದೆ. ರೇಸಿಂಗ್ ಗೇಮ್‌ನಲ್ಲಿ ಫೋನನ್ನೇ ಸ್ಟಿಯರಿಂಗ್‌ನಂತೆ ವಾಲಿಸುತ್ತೇವೆ. ಇದೆಲ್ಲ ಐಫೋನ್ ಜೊತೆಗೆ ಬಂದದ್ದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಐಫೋನ್ ಬಂದದ್ದು 2007ರಲ್ಲಿ. ಅದಕ್ಕೂ ಮೂರು ವರ್ಷ ಮೊದಲೇ ಬೆಂಗಳೂರಿನಲ್ಲಿ ರೂಪುಗೊಂಡ ಅಂಗೈ ಕಂಪ್ಯೂಟರೊಂದನ್ನು ಕೈಯಲ್ಲೇ ತುಸು ಓರೆ ಮಾಡಿದರೆ ಪುಟ ಮಗುಚುತ್ತಿತ್ತು. ಅದರ ಹೆಸರು ಅಮಿಡಾ ಸಿಂಪ್ಯೂಟರ್.

ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರ ಜೊತೆ ಸೇರಿ ಸಿಂಪ್ಯೂಟರ್ ಕೆಲಸ ಆರಂಭಿಸಿದರು. ಓದಲು ಬಾರದವರೂ ಬಳಸುವಂತಿರಬೇಕು ಎಂಬುದು ಅವರ ಹಟ. ಹಾಗಾಗಿ ಕೀಬೋರ್ಡ್ ಇರಲಿಲ್ಲ. ಪರದೆ ಮುಟ್ಟಿದರೆ ಸಾಕು. ಪಠ್ಯವನ್ನು ಕನ್ನಡದಲ್ಲಿ ಓದಿ ಹೇಳುವ ವ್ಯವಸ್ಥೆ ಇತ್ತು. ಇಡೀ ಊರಿಗೆ ಒಂದೇ ಯಂತ್ರವಿದ್ದರೂ ಒಬ್ಬೊಬ್ಬರಿಗೆ ಒಂದೊಂದು ಸ್ಮಾರ್ಟ್ ಕಾರ್ಡ್ ಇದ್ದರೆ ನಡೆಯುತ್ತದೆ ಎಂಬ ಯೋಚನೆ ಅವರದು.

ಓರೆ ಮಾಡಿದ್ದು ಯಂತ್ರಕ್ಕೆ ತಿಳಿಯುವುದು ಹೇಗೆ? ಆಕ್ಸೆಲೆರೋಮೀಟರ್ ಎಂಬ ಚಿಪ್‌ನೊಳಗೆ ಕೂದಲಿನಷ್ಟು ಸಣ್ಣ ಸ್ಪ್ರಿಂಗ್‌ಗಳಿಗೆ ಕಟ್ಟಿದ ಸಿಲಿಕಾನ್ ತುಣುಕು ಇರುತ್ತದೆ. ವಾಲಿಸಿದಾಗ ಗುರುತ್ವಕ್ಕೆ ಅದು ಒಂದಿಷ್ಟು ಸರಿಯುತ್ತದೆ, ವಿದ್ಯುತ್ ಸಂಕೇತ ಬದಲಾಗುತ್ತದೆ. ಅಷ್ಟೇ!

2001ರಲ್ಲಿ ನ್ಯೂಯಾರ್ಕ್ ಟೈಮ್ಸ್ ನಿಯತಕಾಲಿಕ ಸಿಂಪ್ಯೂಟರನ್ನು ಆ ವರ್ಷದ ಮಹತ್ವದ ಕಂಪ್ಯೂಟರ್ ಆವಿಷ್ಕಾರ ಎಂದು ಹೊಗಳಿತ್ತು. ಆದರೆ 50 ಸಾವಿರ ಮಾರುವ ಗುರಿಯಿದ್ದರೂ 2005ರ ಹೊತ್ತಿಗೆ ಮಾರಾಟವಾದದ್ದು ಸುಮಾರು 4 ಸಾವಿರ ಮಾತ್ರ. ಅದರಲ್ಲೂ ಹಳ್ಳಿಗೆ ಹೋದದ್ದು ಬಹಳ ಕಡಿಮೆ. ಸುಮಾರು 10 ಸಾವಿರ ರೂಪಾಯಿಯಿಂದ ಶುರುವಾಗುತ್ತಿದ್ದ ಬೆಲೆ ಅಂದಿನ ರೈತನಿಗೆ ದುಬಾರಿ. ಅಷ್ಟರಲ್ಲಿ ಅಗ್ಗದ ಮೊಬೈಲ್ ಊರೂರು ತಲುಪಿತು.

ಅಮೆರಿಕದ ಎಂಐಟಿಯಲ್ಲೂ ಇಂಥದ್ದೇ ಪ್ರಯತ್ನ ನಡೆಯಿತು. ಡೇವಿಡ್ ಮೆರಿಲ್ ಮತ್ತು ಜೀವನ್ ಕಲಾನಿಧಿ ರೂಪಿಸಿದ 'ಸಿಫ್ಟಬಲ್ಸ್' ಬಿಸ್ಕತ್ತಿನಷ್ಟು ದೊಡ್ಡ ಕಂಪ್ಯೂಟರ್ ಬಿಲ್ಲೆಗಳು. ಪಕ್ಕಪಕ್ಕ ಇಟ್ಟರೆ ಒಂದನ್ನೊಂದು ಗುರುತಿಸುತ್ತಿದ್ದವು; ಮಕ್ಕಳು ಅವುಗಳಿಂದ ಲೆಕ್ಕ ಮಾಡಬಹುದಿತ್ತು, ಪದ ಕಟ್ಟಬಹುದಿತ್ತು. ಅವೂ ಮಾರುಕಟ್ಟೆಯಲ್ಲಿ ಬಹುಕಾಲ ನಿಲ್ಲಲಿಲ್ಲ.

ಹಾಗಾದರೆ ನಮಗೇನು ಪಾಠ? ಸಾಧನ ಮಾಡುವುದು ಅರ್ಧ ಕೆಲಸ. ಯಾರಿಗಾಗಿ, ಯಾವ ಬೆಲೆಗೆ ಎಂಬುದು ಉಳಿದರ್ಧ. ಆ ಉಳಿದರ್ಧ ಹಳ್ಳಿಯಿಂದ ಬಂದ ನಮಗೆ ಚೆನ್ನಾಗಿ ಗೊತ್ತು. ರಾಯಬಾಗ ತಾಲ್ಲೂಕಿನ ಪಾಲಬಾವಿಯಂಥ ಊರಲ್ಲಿ ಕಬ್ಬಿಗೆ ನೀರು ಹಾಯಿಸುವ ಹಿರಿಯರನ್ನೇ ನೋಡಿ. ಎಡಕ್ಕೆ ವಾಲಿಸಿದರೆ ತ್ರೀಫೇಸ್ ಕರೆಂಟ್ ಬಂದಿದೆಯೇ ಎಂದೂ, ಬಲಕ್ಕೆ ವಾಲಿಸಿದರೆ ಮಣ್ಣಲ್ಲಿ ತೇವ ಎಷ್ಟಿದೆ ಎಂದೂ ನಮ್ಮ ಭಾಷೆಯಲ್ಲೇ ಹೇಳುವ ಡಬ್ಬಿಯೊಂದು ಅವರ ಕೈಗೆ ಸಿಕ್ಕರೆ? ಇಂದು ಆಕ್ಸೆಲೆರೋಮೀಟರ್, ತೇವಾಂಶ ಸೆನ್ಸರ್, ಆರ್ಡುಯಿನೊ ಮಾದರಿಯ ಬೋರ್ಡ್ ಎಲ್ಲವೂ ವಿದ್ಯಾರ್ಥಿಯ ಜೇಬಿಗೆ ಎಟುಕುತ್ತವೆ.

ಅಂತಿಮ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರುವ ಬದಲು ಇಂಥದ್ದೊಂದನ್ನು ನಾವೇ ಕಟ್ಟೋಣ. ಒಂದು ಹಂಗಾಮು ಹೊಲದಲ್ಲಿಟ್ಟು, ಕೆಟ್ಟಾಗ ರಿಪೇರಿ ಮಾಡೋಣ. ಎಂಬೆಡೆಡ್ ಕ್ಷೇತ್ರದ ಸಂದರ್ಶನದಲ್ಲಿ 'ನೀವು ಏನು ಮಾಡಿದ್ದೀರಿ?' ಎಂದು ಕೇಳಿದಾಗ ಹೇಳಲು ನಮ್ಮ ಬಳಿ ನಿಜವಾದ ಉತ್ತರವಿರುತ್ತದೆ. ಕೆಲಸ ಸಿಗುವುದು ತಡವಾದರೂ, ಊರಿನ ಒಬ್ಬ ಹಿರಿಯರಿಗೆ ರಾತ್ರಿ ಹೊಲಕ್ಕೆ ಹೋಗುವ ಒಂದು ಓಡಾಟವಾದರೂ ತಪ್ಪುತ್ತದೆ.