ಪಾರ್ಕು, ಸಂತೆ, ಫುಟ್‌ಪಾತ್: ನಕ್ಷೆ ಬರೆಯುವಾಗ ನಾವೆಲ್ಲಿದ್ದೇವೆ?



ಸಂಘದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಬರುವ ಮಾತುಗಳನ್ನು ನಾವು ಕೇಳುತ್ತಲೇ ಇರುತ್ತೇವೆ. ಸಂತೆಯಲ್ಲಿ ಶೌಚಾಲಯ ಇಲ್ಲ, ಬಸ್‌ಸ್ಟ್ಯಾಂಡಿನ ಹಿಂದೆ ಲೈಟಿಲ್ಲ, ಫುಟ್‌ಪಾತಿನಲ್ಲಿ ಹೂವಿನ ಬುಟ್ಟಿ ಇಡಲು ಬಿಡುವುದಿಲ್ಲ. ಇದೆಲ್ಲ ಕಂಟ್ರಾಕ್ಟರನ ತಪ್ಪು ಅಂತ ಬೈದು ಸುಮ್ಮನಾಗುತ್ತೇವೆ. ಆದರೆ ಸಿಮೆಂಟ್ ಬೀಳುವುದಕ್ಕೆ ಎಷ್ಟೋ ಮೊದಲೇ ಆ ಜಾಗ ಹೇಗಿರಬೇಕು ಎಂಬುದು ಕಾಗದದ ಮೇಲೆ ತೀರ್ಮಾನ ಆಗಿರುತ್ತದೆ. ಆ ತೀರ್ಮಾನ ಮೂರು ಕಡೆ ನಡೆಯುತ್ತದೆ.

ಮೊದಲನೆಯದು, ಊರಿನ ಮಾಸ್ಟರ್ ಪ್ಲಾನ್. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಪ್ರಕಾರ ಯೋಜನಾ ಪ್ರಾಧಿಕಾರ ಇದನ್ನು ತಯಾರಿಸುತ್ತದೆ. ಮನೆ, ಅಂಗಡಿ, ರಸ್ತೆ, ಪಾರ್ಕು, ಆಟದ ಮೈದಾನ ಎಲ್ಲೆಲ್ಲಿ ಬರಬೇಕು ಎಂದು ಇದರಲ್ಲಿ ಗುರುತಿಸುತ್ತಾರೆ. ಅಂತಿಮ ಮಾಡುವ ಮುಂಚೆ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಲೇಬೇಕು. ಯಾರು ಬೇಕಾದರೂ ಬರೆದು ಕೊಡಬಹುದು.

ಕಾಗದದ ಈ ಗುರುತಿಗೆ ಎಷ್ಟು ಬಲ ಇದೆ ನೋಡಿ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಂ ಕಟ್ಟಲು ಕೊಟ್ಟರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ನಕ್ಷೆಯಲ್ಲಿ ಪಾರ್ಕು ಎಂದು ಇದ್ದುದರಿಂದಲೇ ಅವರಿಗೆ ಕೇಳುವ ಹಕ್ಕು ಸಿಕ್ಕಿತು.

ಎರಡನೆಯದು, ವಾರ್ಡ್ ಸಮಿತಿ. 1992ರಲ್ಲಿ ಸಂವಿಧಾನಕ್ಕೆ ಆದ 74ನೇ ತಿದ್ದುಪಡಿಯಂತೆ 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆ ಇರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು. ವಾರ್ಡಿನ ಹಣದಲ್ಲಿ ಪಾರ್ಕಿಗೆ ಕಾರಂಜಿ ಬೇಕೋ, ನೀರಿರುವ ಶೌಚಾಲಯ ಬೇಕೋ ಎಂಬಂಥ ಮಾತು ಎತ್ತಬೇಕಾದ ಜಾಗ ಇದು. ಅಲ್ಲಿ ಹೆಣ್ಣುಮಕ್ಕಳು ಬಾಯಿ ಬಿಡದಿದ್ದರೆ ಕಾರಂಜಿಯೇ ಬರುತ್ತದೆ!

ಮೂರನೆಯದು, ಪಟ್ಟಣ ವ್ಯಾಪಾರ ಸಮಿತಿ. ಬೀದಿ ಬದಿ ವ್ಯಾಪಾರಿಗಳ ಕಾಯ್ದೆ 2014ರಲ್ಲಿ ಬಂತು. ಈ ಸಮಿತಿಯಲ್ಲಿ ಕನಿಷ್ಠ ಶೇ. 40 ಮಂದಿ ವ್ಯಾಪಾರಿಗಳೇ ಆಯ್ಕೆ ಮಾಡಿದ ವ್ಯಾಪಾರಿಗಳು ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಾಗಿರಬೇಕು. ಯಾವ ರಸ್ತೆಯಲ್ಲಿ ವ್ಯಾಪಾರ ಮಾಡಬಹುದು, ಎಲ್ಲಿ ಮಾಡಬಾರದು ಎಂಬ ಯೋಜನೆಯನ್ನು ನಗರಸಭೆ ಅಥವಾ ಪಾಲಿಕೆ ಈ ಸಮಿತಿಯ ಜೊತೆ ಚರ್ಚಿಸಿ ಮಾಡಬೇಕು. ಸರ್ವೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ವ್ಯಾಪಾರಿಯನ್ನು ಎಬ್ಬಿಸುವಂತಿಲ್ಲ. ಆಮೇಲೂ ಎಬ್ಬಿಸಬೇಕಾದರೆ 30 ದಿನದ ನೋಟಿಸ್ ಕೊಡಬೇಕು.

ಹಾಗಾದರೆ ನಾವೇನು ಮಾಡಬಹುದು?

- ಮಾಸ್ಟರ್ ಪ್ಲಾನಿನಲ್ಲಿ ನಮ್ಮ ಬೀದಿಯ ಖಾಲಿ ಜಾಗವನ್ನು ಏನೆಂದು ಗುರುತಿಸಿದ್ದಾರೆ ಎಂದು ಕೇಳಿ ತಿಳಿಯೋಣ. ಹೇಳದಿದ್ದರೆ ಮಾಹಿತಿ ಹಕ್ಕು ಕಾಯ್ದೆ 2005ರಡಿ ಅರ್ಜಿ ಹಾಕೋಣ.
- ಬೇಡಿಕೆಯನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಠರಾವು ಮಾಡಿ, ಎಲ್ಲರೂ ಸಹಿ ಹಾಕಿ ಕೊಡೋಣ. ಸ್ವೀಕೃತಿ ಪಡೆಯುವುದು ಮರೆಯಬಾರದು.
- ಬೀದಿ ವ್ಯಾಪಾರ ಮಾಡುವ ಸದಸ್ಯೆಯರು ಸರ್ವೆಯಲ್ಲಿ ಹೆಸರು ಬರೆಸಲಿ, ಸಮಿತಿಯ ಚುನಾವಣೆಗೂ ನಿಲ್ಲಲಿ.

ಲೈಟು ಎಲ್ಲಿ ಬೇಕು, ಮೆಟ್ಟಿಲು ಎಷ್ಟು ಎತ್ತರ ಇರಬೇಕು, ಮಗುವಿಗೆ ಹಾಲು ಕುಡಿಸಲು ಎಲ್ಲಿ ಕೂರಬೇಕು ಎಂಬುದು ದಿನಾ ಆ ದಾರಿಯಲ್ಲಿ ನಡೆಯುವ ನಮಗೆ ಗೊತ್ತು. ಗೊತ್ತಿದ್ದದ್ದನ್ನು ಹೊತ್ತಿಗೆ ಮುಂಚೆ, ಬರಹದಲ್ಲಿ ಹೇಳೋಣ. ಮುಂದಿನ ಸಭೆಯಲ್ಲಿ ಇದಕ್ಕೆ ಅರ್ಧ ಗಂಟೆ ಮೀಸಲಿಡಿ.